ಹೌದೆನ್ನುವ ಮುನ್ನ

ಚುನಾವಣೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಹೆಸರುಗಳು, ಮುಖಗಳು, ಚಿಹ್ನೆಗಳು. ಯಾರಿಗೆ ಓಟು ಹಾಕುವುದು ಎಂಬುದೇ ನಮಗಿರುವ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರಿಗೆ ಇದರ ಜೊತೆಗೆ ಇನ್ನೊಂದು ಬಗೆಯ ಪ್ರಶ್ನೆಯೂ ಎದುರಾಗುತ್ತದೆ: ಯಾವುದಕ್ಕೆ ಓಟು ಹಾಕುವುದು? ಅಭ್ಯರ್ಥಿಗಳ ಹೆಸರುಗಳ ಜೊತೆಯಲ್ಲೇ ಅವರ ಮತಪತ್ರದಲ್ಲಿ ಸಂಖ್ಯೆ ಹೊತ್ತ ಪ್ರಸ್ತಾವಗಳ ಸಾಲೊಂದು ಇರುತ್ತದೆ. ಅಲ್ಲಿನವರು ಅವನ್ನು ಪ್ರಪೊಸಿಷನ್ ಎನ್ನುತ್ತಾರೆ. ಒಂದೊಂದೂ ಒಂದು ಕಾನೂನು, ಇಲ್ಲವೇ ರಾಜ್ಯದ ಸಂವಿಧಾನಕ್ಕೊಂದು ತಿದ್ದುಪಡಿ. ಪಕ್ಕದಲ್ಲಿ ಎರಡೇ ಆಯ್ಕೆ: ಹೌದು, ಇಲ್ಲ.

2016ರ ನವೆಂಬರಿನಲ್ಲಿ ಅಂಥ 17 ಪ್ರಸ್ತಾವಗಳಿದ್ದವು. ಮರಣದಂಡನೆಯನ್ನು ತೆಗೆದುಹಾಕಬೇಕೆ ಎಂದು ಒಂದು ಕೇಳಿದರೆ, ಅದೇ ಮರಣದಂಡನೆಯನ್ನು ಬೇಗ ಜಾರಿ ಮಾಡಬೇಕೆ ಎಂದು ಇನ್ನೊಂದು ಕೇಳುತ್ತಿತ್ತು. ಗಾಂಜಾ, ಸಿಗರೇಟಿನ ತೆರಿಗೆ, ಔಷಧಿಯ ಬೆಲೆ, ಬಂದೂಕಿನ ಮದ್ದುಗುಂಡು, ಅಂಗಡಿಯ ಪ್ಲಾಸ್ಟಿಕ್ ಚೀಲ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಇವನ್ನು ವಿವರಿಸಲು ಸರ್ಕಾರ ಮನೆಮನೆಗೆ ಕಳಿಸಿದ ಕೈಪಿಡಿಗೆ 224 ಪುಟ. ಅಷ್ಟನ್ನೂ ಓದಿ ಓಟು ಹಾಕಿದವರು ಎಷ್ಟು ಮಂದಿ ಇರಬಹುದೆಂದು ಯಾರು ಬೇಕಾದರೂ ಊಹಿಸಬಹುದು. ನನಗಿಲ್ಲಿ ಮುಖ್ಯವೆನಿಸುವುದು ಓದದೇ ಉಳಿದವರ ಲೆಕ್ಕವಲ್ಲ. ಓದದೆ, ತಿಳಿಯದೆ ಹೌದೆಂದೋ ಇಲ್ಲವೆಂದೋ ಗುರುತು ಹಾಕುವುದು ತಪ್ಪೇ ಎಂಬ ಪ್ರಶ್ನೆ. ತಪ್ಪಾದರೆ, ಅದು ಯಾರ ವಿರುದ್ಧದ ತಪ್ಪು?

ಈ ಪದ್ಧತಿ ಹುಟ್ಟಿದ್ದು ಒಂದು ಸಿಟ್ಟಿನಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಜೇಬಿನಲ್ಲಿದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆ ಹಿಡಿತವನ್ನು ಮುರಿಯುವೆನೆಂದು ಹೇಳಿ ರಾಜ್ಯಪಾಲನಾಗಿ ಗೆದ್ದ ಹೈರಮ್ ಜಾನ್ಸನ್‌ನ ಕಾಲದಲ್ಲಿ, 1911ರ ಅಕ್ಟೋಬರಿನಲ್ಲಿ, ಜನರೇ ಕಾನೂನು ಬರೆದು ಜನರ ಮುಂದಿಡುವ ಹಕ್ಕು ಸಂವಿಧಾನಕ್ಕೆ ಸೇರಿತು. ದಕ್ಷಿಣ ಡಕೋಟಾ 1898ರಲ್ಲೂ ಆರೆಗಾನ್ 1902ರಲ್ಲೂ ಇದೇ ದಾರಿ ಹಿಡಿದಿದ್ದವು. ನಿಯಮ ಸರಳ. ಹಿಂದಿನ ರಾಜ್ಯಪಾಲರ ಚುನಾವಣೆಯಲ್ಲಿ ಬಿದ್ದ ಓಟುಗಳ ನೂರಕ್ಕೆ 5ರಷ್ಟು ಸಹಿ ಸಂಗ್ರಹಿಸಿದರೆ ಒಂದು ಕಾನೂನನ್ನು, ನೂರಕ್ಕೆ 8ರಷ್ಟು ಸಂಗ್ರಹಿಸಿದರೆ ಸಂವಿಧಾನದ ತಿದ್ದುಪಡಿಯನ್ನು ಮತಪತ್ರಕ್ಕೆ ತರಬಹುದು. ಶಾಸಕರು ಮಾರಾಟವಾಗಿದ್ದರೆ ಜನರೇ ಶಾಸಕರಾಗಲಿ ಎಂಬುದು ಇದರ ಹಿಂದಿನ ತರ್ಕ. ಅದು ಒಳ್ಳೆಯ ತರ್ಕವೇ. ಆದರೆ ಅಧಿಕಾರ ಕೈ ಬದಲಾಯಿಸಿದಾಗ ಅದರೊಂದಿಗಿದ್ದ ಹೊಣೆಯೂ ಕೈ ಬದಲಾಯಿಸುತ್ತದೆ ಎಂಬುದನ್ನು ಆ ಸಿಟ್ಟಿನಲ್ಲಿ ಯಾರೂ ಜೋರಾಗಿ ಹೇಳಲಿಲ್ಲ.

ಆ ಹೊಣೆ ಎಷ್ಟು ಕಠಿಣವೆಂದು ತಿಳಿಯಲು ‘ಹೌದು’ ಎಂಬ ಪದವನ್ನೇ ನೋಡಬಹುದು. 2008ರ ಪ್ರಪೊಸಿಷನ್ 8 ಸಲಿಂಗ ವಿವಾಹವನ್ನು ನಿಷೇಧಿಸುವ ತಿದ್ದುಪಡಿ. ಅಂಥ ಮದುವೆಗೆ ಒಪ್ಪಿಗೆ ಇದ್ದವರು ‘ಇಲ್ಲ’ ಎನ್ನಬೇಕಿತ್ತು, ಒಪ್ಪಿಗೆ ಇಲ್ಲದವರು ‘ಹೌದು’ ಎನ್ನಬೇಕಿತ್ತು. ಮನಸ್ಸಿನ ಹೌದು ಕಾಗದದ ಮೇಲೆ ಇಲ್ಲವಾಗುತ್ತಿತ್ತು. ಶಾಸನಸಭೆ ಆಗಲೇ ಮಾಡಿದ ಕಾನೂನನ್ನು ಪ್ರಶ್ನಿಸಿ ಜನರ ಮುಂದೆ ತಂದಾಗಲೂ ಇದೇ ಗೊಂದಲವಿತ್ತು. ಆ ಕಾನೂನನ್ನು ಹೊಡೆದುಹಾಕಬೇಕೆಂದು ಸಹಿ ಸಂಗ್ರಹಿಸುವವರು ವಿರೋಧಿಗಳು. ಆದರೆ 2023ರಲ್ಲಿ ನಿಯಮ ಬದಲಾಗುವವರೆಗೆ ಮತಪತ್ರದಲ್ಲಿ ‘ಹೌದು’ ಎಂದರೆ ಕಾನೂನು ಉಳಿಯಲಿ ಎಂದರ್ಥವಿತ್ತು. ಸಹಿ ಹಾಕಿದ ಹುಮ್ಮಸ್ಸಿನಲ್ಲೇ ‘ಹೌದು’ ಎಂದವರು ತಮ್ಮ ಸಹಿಯನ್ನು ತಾವೇ ಅಳಿಸಿದಂತಾಗುತ್ತಿತ್ತು.

2016ರ ಪ್ಲಾಸ್ಟಿಕ್ ಚೀಲದ ಪ್ರಸಂಗ ಇನ್ನೂ ಸೊಗಸಾಗಿದೆ. ಶಾಸನಸಭೆ ತೆಳು ಚೀಲಗಳನ್ನು ನಿಷೇಧಿಸಿತ್ತು. ಚೀಲ ತಯಾರಿಸುವ ಕಂಪನಿಗಳು ಅದನ್ನು ಜನಮತಕ್ಕೆ ತಂದವು. ಅದು ಪ್ರಪೊಸಿಷನ್ 67. ಜೊತೆಗೆ ಪ್ರಪೊಸಿಷನ್ 65 ಎಂಬ ಇನ್ನೊಂದನ್ನೂ ತಂದವು. ಅಂಗಡಿಯವರು ಬೇರೆ ಚೀಲಗಳಿಗೆ ಪಡೆಯುವ ಹಣ ಅವರ ಗಲ್ಲಾಪೆಟ್ಟಿಗೆಗೆ ಹೋಗದೆ ಪರಿಸರ ನಿಧಿಗೆ ಹೋಗಲಿ ಎಂಬುದು ಅದರ ಸಾರ. ಓದಿದವರಿಗೆ ಇದಕ್ಕಿಂತ ಪರಿಸರಪ್ರೇಮಿ ಕಾನೂನು ಬೇರೊಂದಿಲ್ಲ ಎನಿಸಬೇಕು. ಚೀಲ ಮಾರುವವರಿಗೆ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಮಮತೆ ಉಕ್ಕಿದ್ದೇಕೆ ಎಂದು ಕೇಳಿದವರಿಗೆ ಮಾತ್ರ ಬೇರೆ ಚಿತ್ರ ಕಂಡಿತು. ನಿಷೇಧವನ್ನು ಬೆಂಬಲಿಸುತ್ತಿದ್ದ ಕಿರಾಣಿ ಅಂಗಡಿಗಳಿಗೂ ಪರಿಸರವಾದಿಗಳಿಗೂ ನಡುವೆ ಬೆಣೆ ಹೊಡೆಯುವುದು, ಮತದಾರರ ತಲೆ ಕೆಡಿಸುವುದು ಇದರ ಉದ್ದೇಶವೆಂದು ಟೀಕಾಕಾರರು ಹೇಳಿದರು. ಜನ 67ನ್ನು ಒಪ್ಪಿ 65ನ್ನು ತಿರಸ್ಕರಿಸಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಾರರು. ಆದರೂ ಪಾಲಿಸಿದರು.

ಪದಗಳ ತೂಕಕ್ಕೆ 2024ರ ಒಂದು ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದ ಪ್ರಪೊಸಿಷನ್ 6 ಕೈದಿಗಳಿಂದ ಬಲವಂತವಾಗಿ ದುಡಿಸಿಕೊಳ್ಳುವುದನ್ನು ನಿಲ್ಲಿಸುವ ತಿದ್ದುಪಡಿ. ಅಧಿಕೃತ ಕೈಪಿಡಿಯಲ್ಲಿ ಅದರ ವಿರುದ್ಧ ವಾದ ಬರೆದುಕೊಟ್ಟವರು ಒಬ್ಬರೂ ಇರಲಿಲ್ಲ. ಆದರೂ ಅದು ಸೋತಿತು. ಅದೇ ದಿನ ಪಕ್ಕದ ನೆವಾಡಾದಲ್ಲಿ ಹೆಚ್ಚುಕಡಿಮೆ ಅದೇ ತಿದ್ದುಪಡಿ ಗೆದ್ದಿತು. ನೆವಾಡಾದ ಮತಪತ್ರದಲ್ಲಿ ‘ಗುಲಾಮಗಿರಿ’ ಎಂಬ ಪದವಿತ್ತು. ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ಆ ಪದವಿರಲಿಲ್ಲ, ‘ಅನೈಚ್ಛಿಕ ಸೇವೆ’ ಎಂಬರ್ಥದ ಕಾನೂನಿನ ನುಡಿಗಟ್ಟಿತ್ತು. ಎರಡು ರಾಜ್ಯಗಳ ಫಲಿತಾಂಶ ಬೇರೆಯಾಗಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಸಾವಿರಾರು ಕೈದಿಗಳ ದುಡಿಮೆಯ ಸ್ವರೂಪ ನಿಂತಿರಬಹುದು ಎಂಬ ಸಾಧ್ಯತೆಯೇ ನಮ್ಮ ನಿದ್ದೆ ಕೆಡಿಸಬೇಕು. ಆ ಕೈದಿಗಳಿಗೆ ಅಲ್ಲಿ ಓಟಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಪ್ರಾಮಾಣಿಕವಾಗಿ ಒಂದು ಮಾತು ಕೇಳಬಹುದು. ಕೋಟಿಗಟ್ಟಲೆ ಓಟುಗಳ ನಡುವೆ ನನ್ನ ಒಂದು ಓಟಿನಿಂದ ಏನಾದೀತು? ಅದಕ್ಕಾಗಿ ನಾನು ಇನ್ನೂರು ಪುಟ ಏಕೆ ಓದಲಿ? ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲೇ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ. ತಿಳಿದುಕೊಳ್ಳಲು ತಗಲುವ ವೆಚ್ಚ ಹೆಚ್ಚು, ಅದರಿಂದ ಒಬ್ಬನಿಗೆ ಸಿಗುವ ಲಾಭ ಕಡಿಮೆ. ಹಾಗಾಗಿ ತಿಳಿಯದೆ ಇರುವುದೇ ಲೆಕ್ಕಕ್ಕೆ ಸರಿಹೊಂದುವ ನಡೆ ಎಂದ. ಲೆಕ್ಕ ಸರಿಯೇ ಇದೆ. ಆದರೆ ಅದು ನನಗೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ. ಮತ ಹಾಕುವವರು ಕೇಳಿಕೊಳ್ಳಬೇಕಾದ್ದು ನನ್ನ ಗುರುತು ಯಾರ ಮೇಲೆ ಬೀಳುತ್ತದೆ ಎಂದು. ಹತ್ತು ಜನ ಸೇರಿ ಎತ್ತಿದ ಬಂಡೆ ಯಾರ ಮೇಲಾದರೂ ಉರುಳಿದರೆ, ನನ್ನ ಕೈ ಒಂದೇ ಅದನ್ನು ಎತ್ತಿರಲಿಲ್ಲ ಎಂಬುದು ಉತ್ತರವಾಗುವುದಿಲ್ಲ.

ಡೌನ್ಸ್‌ಗೆ ಇನ್ನೊಂದು ಉತ್ತರವೂ ಇದೆ, ಅದು ಹೆಚ್ಚು ಸಮಾಧಾನದ್ದು. 1988ರಲ್ಲಿ ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ವಿಮೆಗೆ ಸಂಬಂಧಿಸಿದ ಐದು ಪ್ರಸ್ತಾವಗಳು ಒಟ್ಟಿಗೆ ಬಂದವು. ಕೆಲವು ವಿಮಾ ಕಂಪನಿಗಳವು, ಒಂದು ವಕೀಲರದು, ಒಂದು ಗ್ರಾಹಕರ ಪರವಾದದ್ದು. ಎಲ್ಲವೂ ಕ್ಲಿಷ್ಟ, ಎಲ್ಲದರ ಹೆಸರಿನಲ್ಲೂ ಸುಧಾರಣೆ. ಆರ್ಥರ್ ಲೂಪಿಯಾ ಎಂಬ ರಾಜ್ಯಶಾಸ್ತ್ರಜ್ಞ ಲಾಸ್ ಏಂಜಲೀಸ್‌ನ ಮತದಾರರನ್ನು ಮಾತಾಡಿಸಿ 1994ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರಸ್ತಾವದ ವಿವರ ಗೊತ್ತಿಲ್ಲದಿದ್ದರೂ ವಿಮಾ ಕಂಪನಿಗಳು ಯಾವುದರ ಪರ ಇವೆ ಎಂಬ ಒಂದೇ ಸಂಗತಿ ಗೊತ್ತಿದ್ದವರು ಹೆಚ್ಚುಕಡಿಮೆ ಎಲ್ಲವನ್ನೂ ತಿಳಿದವರಂತೆಯೇ ಓಟು ಹಾಕಿದ್ದರು ಎಂಬುದು ಅವರು ಕಂಡುಕೊಂಡ ವಿಷಯ. ಎರಡೂ ಗೊತ್ತಿಲ್ಲದವರ ಓಟು ಬೇರೆ ದಾರಿ ಹಿಡಿದಿತ್ತು. ಐದರಲ್ಲಿ ಗ್ರಾಹಕರ ಪರವಾದ ಪ್ರಪೊಸಿಷನ್ 103 ಮಾತ್ರ ಗೆದ್ದಿತು. ಅಂದರೆ ತಿಳಿಯುವುದೆಂದರೆ ಪಂಡಿತರಾಗುವುದಲ್ಲ. ಸಂತೆಯಲ್ಲಿ ದನ ಕೊಳ್ಳುವ ರೈತ ಪಶುವೈದ್ಯಶಾಸ್ತ್ರ ಓದಿರುವುದಿಲ್ಲ. ಹಲ್ಲು ನೋಡುತ್ತಾನೆ, ಮಾರುವವನ ಮುಖ ನೋಡುತ್ತಾನೆ, ಈ ದನವನ್ನು ಇವನು ಈಗ ಏಕೆ ಮಾರುತ್ತಿದ್ದಾನೆ ಎಂದು ವಿಚಾರಿಸುತ್ತಾನೆ. ಅಷ್ಟೂ ಮಾಡದೆ ಹಗ್ಗ ಹಿಡಿದವನನ್ನು ಊರು ಮೆಚ್ಚುವುದಿಲ್ಲ.

ಆದರೆ ಮಾರುವವನ ಮುಖ ಕಾಣದಂತೆ ಮಾಡುವ ಉಪಾಯಗಳೂ ಬೆಳೆದಿವೆ. 2020ರ ಪ್ರಪೊಸಿಷನ್ 22 ಊಬರ್, ಲಿಫ್ಟ್, ಡೋರ್‌ಡ್ಯಾಶ್‌ನಂಥ ಕಂಪನಿಗಳ ಚಾಲಕರನ್ನು ನೌಕರರೆಂದು ಪರಿಗಣಿಸದೆ ಸ್ವತಂತ್ರ ಗುತ್ತಿಗೆದಾರರೆಂದು ಉಳಿಸುವ ಕಾನೂನು. ಅದರ ಪರವಾಗಿ ಆ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದವು. ಚಾಲಕರಿಗೆ ಸ್ವಾತಂತ್ರ್ಯ, ಚಾಲಕರಿಗೆ ಹೊಸ ಸೌಲಭ್ಯ ಎಂಬ ಮಾತು ಎಲ್ಲೆಡೆ ತುಂಬಿತ್ತು. ಕೆಲವು ಸೌಲಭ್ಯಗಳು ನಿಜವಾಗಿಯೂ ಅದರಲ್ಲಿದ್ದವು. ಆದರೆ ನೌಕರರಾಗಿದ್ದರೆ ಸಿಗಬಹುದಾಗಿದ್ದ ಎಷ್ಟೋ ರಕ್ಷಣೆಗಳು ತಪ್ಪಿಹೋಗುತ್ತವೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಇನ್ನೊಂದು ಸಾಲೂ ಆ ಕಾನೂನಿನ ಒಳಗಿತ್ತು: ಮುಂದೆ ಇದನ್ನು ಶಾಸನಸಭೆ ತಿದ್ದಬೇಕಾದರೆ ಎಂಟರಲ್ಲಿ ಏಳು ಭಾಗದಷ್ಟು ಸದಸ್ಯರ ಒಪ್ಪಿಗೆ ಬೇಕು. ಪ್ರಸ್ತಾವ ನೂರಕ್ಕೆ ಸುಮಾರು 58ರಷ್ಟು ಓಟಿನಿಂದ ಗೆದ್ದಿತು. ನೂರರಲ್ಲಿ ಐವತ್ತೆಂಟು ಜನ ಹಾಕಿದ ಗಂಟನ್ನು ಬಿಚ್ಚಲು ನೂರರಲ್ಲಿ ಎಂಬತ್ತೇಳಕ್ಕೂ ಹೆಚ್ಚು ಕೈಗಳು ಬೇಕೆಂದ ಹಾಗಾಯಿತು. ಆ ಷರತ್ತು ಗೊತ್ತಿದ್ದೂ ಒಪ್ಪಿದವರು ಒಪ್ಪಲಿ, ಅದು ಅವರ ನಿಲುವು. ಗೊತ್ತಿಲ್ಲದೆ ಒಪ್ಪಿದವರು ತಮ್ಮ ಮುಂದಿನ ಓಟಿನ ಬಲವನ್ನೂ ಬಿಟ್ಟುಕೊಟ್ಟರು.

ವ್ಯಕ್ತಿಗೆ ಹಾಕುವ ಓಟಿಗೂ ಕಾನೂನಿಗೆ ಹಾಕುವ ಓಟಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ತಪ್ಪು ಅಭ್ಯರ್ಥಿಯನ್ನು ಆರಿಸಿದರೆ ಕೆಲವು ವರ್ಷಗಳಲ್ಲಿ ಮನೆಗೆ ಕಳಿಸಬಹುದು. ಅವರು ಕೆಟ್ಟದ್ದು ಮಾಡಿದರೆ ಬೈಯಲು ಒಂದು ಹೆಸರಾದರೂ ಇರುತ್ತದೆ. ಜನರೇ ಮಾಡಿದ ಕಾನೂನಿಗೆ ಬೈಸಿಕೊಳ್ಳುವವರು ಯಾರೂ ಇಲ್ಲ. 1978ರ ಪ್ರಪೊಸಿಷನ್ 13 ಆಸ್ತಿ ತೆರಿಗೆಯನ್ನು ಆಸ್ತಿಯ ನಿಗದಿತ ಮೌಲ್ಯದ ನೂರಕ್ಕೆ 1ಕ್ಕೆ ಕಟ್ಟಿಹಾಕಿತು. ಆ ಮೌಲ್ಯ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದಾಗ ಮಾತ್ರ ಮಾರುಕಟ್ಟೆಯ ಬೆಲೆಗೆ ಹೊಸದಾಗಿ ನಿಗದಿಯಾಗುತ್ತದೆ. ಏರುತ್ತಿದ್ದ ತೆರಿಗೆಗೆ ಹೆದರಿದ್ದ ವೃದ್ಧರಿಗೆ ಅದು ನಿಜವಾದ ನೆಮ್ಮದಿ ತಂದಿತು. ಅರ್ಧ ಶತಮಾನದ ಹತ್ತಿರ ಬಂದರೂ ಆ ಚೌಕಟ್ಟು ಬಹುಮಟ್ಟಿಗೆ ಹಾಗೇ ಇದೆ. ಇಂದು ಸನ್ನಿವೇಲ್‌ನಲ್ಲೋ ಕ್ಯುಪರ್ಟಿನೊದಲ್ಲೋ ಮನೆ ಕೊಳ್ಳುವ ಕನ್ನಡಿಗ ದಂಪತಿ, ಅಂಥದೇ ಪಕ್ಕದ ಮನೆಯಲ್ಲಿ ಎಪ್ಪತ್ತರ ದಶಕದಿಂದ ಇರುವವರಿಗಿಂತ ಹಲವು ಪಟ್ಟು ತೆರಿಗೆ ಕಟ್ಟುತ್ತಾರೆ. ಒಂದೇ ಬೀದಿ, ಒಂದೇ ಶಾಲೆ, ಒಂದೇ ಕಸದ ಗಾಡಿ. 1978ರಲ್ಲಿ ‘ಹೌದು’ ಎಂದವರು ಆಗ ಹುಟ್ಟಿರದವರ ಪರವಾಗಿಯೂ, ಸಮುದ್ರದಾಚೆ ತುಮಕೂರಿನಲ್ಲೋ ಧಾರವಾಡದಲ್ಲೋ ಸ್ಲೇಟು ಹಿಡಿದಿದ್ದ ಮಕ್ಕಳ ಪರವಾಗಿಯೂ ಓಟು ಹಾಕಿದ್ದರು. ಅದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಓಟು ಹಾಕಿದವರ ಆಯುಸ್ಸಿಗಿಂತ ಅವರ ಗುರುತಿನ ಆಯುಸ್ಸು ದೊಡ್ಡದು ಎಂಬುದರಲ್ಲಿ ಮಾತ್ರ ವಾದವಿಲ್ಲ.

ಹಾಗಾದರೆ ತಿಳಿಯದವರು ಓಟು ಹಾಕಲೇಬಾರದೇ? ಅಮೆರಿಕದ ತತ್ವಜ್ಞಾನಿ ಜೇಸನ್ ಬ್ರೆನ್ನನ್ 2011ರಲ್ಲಿ ಪ್ರಕಟಿಸಿದ ಮತದಾನದ ನೀತಿಯ ಕುರಿತ ಪುಸ್ತಕದಲ್ಲಿ ಹೆಚ್ಚುಕಡಿಮೆ ಹಾಗೆಂದೇ ವಾದಿಸುತ್ತಾರೆ. ಓಟು ಹಾಕುವುದು ಕರ್ತವ್ಯವಲ್ಲ. ಆದರೆ ಹಾಕುವುದಾದರೆ ಚೆನ್ನಾಗಿ ಹಾಕಬೇಕು, ಇಲ್ಲದಿದ್ದರೆ ಇತರರನ್ನು ಕಾಪಾಡಲು ಮನೆಯಲ್ಲಿರಬೇಕು ಎಂಬುದು ಅವರ ಮಾತಿನ ಸಾರ. ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಕೊಂಡೊರ್ಸೆ ತೋರಿಸಿದ ಒಂದು ಲೆಕ್ಕವೂ ಈ ವಾದಕ್ಕೆ ಬಲ ಕೊಡುವಂತಿದೆ. ಪ್ರತಿಯೊಬ್ಬರೂ ಸರಿಯಾದುದನ್ನು ಆರಿಸುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚಿದ್ದರೂ ಸಾಕು, ಜನ ಹೆಚ್ಚಿದಷ್ಟೂ ಬಹುಮತ ಸತ್ಯದ ಕಡೆ ವಾಲುತ್ತದೆ. ಅರ್ಧಕ್ಕಿಂತ ತುಸು ಕಡಿಮೆಯಾದರೆ, ಜನ ಹೆಚ್ಚಿದಷ್ಟೂ ಬಹುಮತ ಅಷ್ಟೇ ಖಚಿತವಾಗಿ ತಪ್ಪಿನ ಕಡೆ ವಾಲುತ್ತದೆ.

ಆದರೆ ‘ತಿಳಿದವರು ಮಾತ್ರ ಓಟು ಹಾಕಲಿ’ ಎಂಬ ಮಾತಿಗೆ ಅದೇ ಅಮೆರಿಕದಲ್ಲಿ ಒಂದು ಕೊಳಕು ಚರಿತ್ರೆ ಇದೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರು ಮತಪಟ್ಟಿಗೆ ಹೆಸರು ಸೇರಿಸಲು ಹೋದರೆ ಓದುಬರಹದ ಪರೀಕ್ಷೆ ಕೊಡುತ್ತಿದ್ದರು. ಸಂವಿಧಾನದ ಒಂದು ಭಾಗವನ್ನು ಓದಿ ಅರ್ಥ ಹೇಳು ಎನ್ನುತ್ತಿದ್ದರು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಎಷ್ಟು ಓದಿದ್ದರೂ ಪಾಸಾಗುವ ಬಗೆಯಿರಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆ ಬರಬೇಕಾಯಿತು ಅದನ್ನು ತಡೆಯಲು. ನಮ್ಮ ದೇಶ ಈ ವಿಷಯದಲ್ಲಿ ಮೊದಲ ಹೆಜ್ಜೆಯನ್ನೇ ಸರಿಯಾಗಿ ಇಟ್ಟಿತು. 1951ರ ಜನಗಣತಿಯಲ್ಲಿ ಸಾಕ್ಷರರು ನೂರಕ್ಕೆ ಸುಮಾರು 18. ಆದರೂ ಮೊದಲ ಮಹಾಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಓಟು ಸಿಕ್ಕಿತು. ಅಕ್ಷರ ಬಾರದವರಿಗೆ ಚಿಹ್ನೆಗಳು ನೆರವಾದವು. ಪರಿಣಾಮವನ್ನು ಅನುಭವಿಸುವವರಿಗೆ ಮಾತಾಡುವ ಹಕ್ಕಿದೆ, ಅದಕ್ಕೆ ಪರೀಕ್ಷೆಯಿಲ್ಲ ಎಂಬುದು ಅದರ ಹಿಂದಿನ ನಂಬಿಕೆ.

ಅದಕ್ಕೇ ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆ ಇಡಬೇಕು. ಹಕ್ಕು ಬೇರೆ, ಹೊಣೆ ಬೇರೆ. ತಿಳಿದು ಓಟು ಹಾಕಬೇಕು ಎಂಬುದು ನಾನು ನನಗೆ ಹೇಳಿಕೊಳ್ಳಬಹುದಾದ ಮಾತು. ನೆರೆಯವರಿಗೆ ಅದನ್ನು ಷರತ್ತಾಗಿ ಹಾಕಿದ ಕ್ಷಣ ಅದು ಅಧಿಕಾರದ ಆಯುಧವಾಗುತ್ತದೆ. ಉಪವಾಸದ ಹಾಗೆ ಇದು. ತಾನೇ ಮಾಡಿದರೆ ವ್ರತ, ಇನ್ನೊಬ್ಬರಿಗೆ ಮಾಡಿಸಿದರೆ ಹಿಂಸೆ.

ತಿಳಿವಳಿಕೆಯೊಂದೇ ಸಾಕೆಂದು ನಂಬುವುದೂ ಅಪಾಯವೇ. 1920ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಭಾರಿ ಬಹುಮತದಿಂದ ಒಂದು ಭೂಕಾನೂನನ್ನು ಬಿಗಿಗೊಳಿಸಿದರು. ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶಿಯರು ಕೃಷಿಭೂಮಿಯನ್ನು ಹೊಂದುವಂತಿಲ್ಲ, ಗೇಣಿಗೆ ಹಿಡಿಯುವಂತಿಲ್ಲ. ಗುರಿ ಜಪಾನೀ ರೈತರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದ ಮೇಲೆ ಅಲ್ಲಿನ ಪಂಜಾಬಿ ರೈತರೂ ಅದರ ಹೊಡೆತ ತಿಂದರು. 1964ರಲ್ಲಿ ಅದೇ ರಾಜ್ಯದ ಜನ, ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಜನಾಂಗಭೇದ ಮಾಡಬಾರದೆಂಬ ಕಾನೂನನ್ನು ಪ್ರಪೊಸಿಷನ್ 14ರ ಮೂಲಕ ನೂರಕ್ಕೆ ಸುಮಾರು 65ರಷ್ಟು ಓಟಿನಿಂದ ಕೆಡವಿದರು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುವೆಂದಿತು. ಹೀಗೆ ಓಟು ಹಾಕಿದವರಲ್ಲಿ ಎಲ್ಲರೂ ವಿಷಯ ತಿಳಿಯದವರಾಗಿರಲಿಲ್ಲ. ಅನೇಕರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿಯೇ ಗೊತ್ತಿತ್ತು. ಆದ್ದರಿಂದ ‘ಇದರ ಅರ್ಥವೇನು’ ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ‘ಇದರ ಭಾರ ಯಾರ ಹೆಗಲಿಗೆ, ಅವರಿಗೆ ಇಲ್ಲಿ ಓಟಿದೆಯೇ’ ಎಂಬುದು ಉಳಿದರ್ಧ. ಅಂದು ಆ ಹೆಗಲಾಗಿದ್ದವರ ಊರಿನವರು, ಭಾಷೆಯವರು, ಮಕ್ಕಳು ಇಂದು ಅಲ್ಲಿ ಪೌರರಾಗಿ ಮತಪತ್ರ ಹಿಡಿದಿದ್ದಾರೆ. ರಾಜ್ಯದ ಕೈಪಿಡಿ ಈಗ ಹಿಂದಿಯೂ ಸೇರಿ ಹತ್ತು ಭಾಷೆಗಳಲ್ಲಿ ಸಿಗುತ್ತದೆ. ಇಂದಿನ ಪ್ರಸ್ತಾವಗಳಲ್ಲಿ ಆ ಹೆಗಲು ಯಾರದು ಎಂದು ಹುಡುಕುವ ಕೆಲಸ ಅವರಿಗೆ ಇತರರಿಗಿಂತ ಸುಲಭವಾಗಬೇಕು.

ಒಬ್ಬೊಬ್ಬರೇ ಎಲ್ಲವನ್ನೂ ಓದಬೇಕಿಲ್ಲ ಎಂಬುದಕ್ಕೆ ಆರೆಗಾನ್ ಒಂದು ದಾರಿ ತೋರಿಸಿತು. 2010ರಿಂದ ಅಲ್ಲಿ ಚೀಟಿ ಎತ್ತಿದಂತೆ ಆರಿಸಿದ ಇಪ್ಪತ್ತು, ಇಪ್ಪತ್ನಾಲ್ಕು ಸಾಮಾನ್ಯ ಮತದಾರರನ್ನು ಕೆಲವು ದಿನ ಕೂರಿಸಿ, ಒಂದು ಪ್ರಸ್ತಾವದ ಪರ ವಿರೋಧದವರನ್ನೂ ತಜ್ಞರನ್ನೂ ಅವರ ಮುಂದೆ ಕರೆಸಿ, ಕೊನೆಗೆ ಅವರೇ ತಮ್ಮ ಮಾತಿನಲ್ಲಿ ಒಂದು ಪುಟ ಬರೆಯುವ ಪದ್ಧತಿ ಶುರುವಾಯಿತು. ಆ ಪುಟ ಎಲ್ಲ ಮತದಾರರ ಕೈಪಿಡಿಯಲ್ಲಿ ಅಚ್ಚಾಗುತ್ತಿತ್ತು. ನಮ್ಮ ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು ನಡೆದ ಜನಮತಗಣನೆಯೂ ನೆನಪಾಗುತ್ತದೆ. ಮಹಾರಾಷ್ಟ್ರದೊಂದಿಗೆ ವಿಲೀನವಾಗಲು ಹೂವಿನ ಗುರುತು, ಪ್ರತ್ಯೇಕವಾಗಿ ಉಳಿಯಲು ಎರಡೆಲೆಯ ಗುರುತು. ಎರಡೆಲೆ 34,021 ಓಟುಗಳಿಂದ ಗೆದ್ದಿತು. ಪ್ರಶ್ನೆ ಒಂದೇ ಆಗಿತ್ತು, ಆಯ್ಕೆ ಸ್ಪಷ್ಟವಾಗಿತ್ತು, ಹೂವಿಗೆ ಓಟು ಹಾಕಿದರೆ ಏನಾಗುತ್ತದೆಂದು ಮೀನು ಮಾರುವವರಿಗೂ ಗೊತ್ತಿತ್ತು. ಹದಿನೇಳು ಪ್ರಶ್ನೆಗಳನ್ನು ಒಂದೇ ಕಾಗದದಲ್ಲಿ ತುಂಬಿ, ತಿಳಿಯಲಿಲ್ಲವೆಂದು ಮತದಾರರನ್ನೇ ದೂರುವುದು ನ್ಯಾಯವಲ್ಲ. ತಿಳಿಯುವ ಹೊಣೆ ಓಟು ಹಾಕುವವರದಾದರೆ, ತಿಳಿಯುವಂತೆ ಕೇಳುವ ಹೊಣೆ ಪ್ರಶ್ನೆ ಕೇಳುವವರದು.

ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ಹೆಚ್ಚು ಜನ ಗಮನಿಸದ ಮೂರನೆಯ ಆಯ್ಕೆಯೊಂದಿದೆ. ಯಾವ ಪ್ರಸ್ತಾವವನ್ನು ಬೇಕಾದರೂ ಖಾಲಿ ಬಿಡಬಹುದು. ಉಳಿದ ಓಟುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಮನೆಯಲ್ಲೇ ಇರಬೇಕಿಲ್ಲ, ಎಲ್ಲಕ್ಕೂ ಗುರುತು ಹಾಕಬೇಕಿಲ್ಲ. ಹದಿನೇಳರಲ್ಲಿ ಐದು ತಿಳಿದಿದ್ದರೆ ಐದಕ್ಕೆ ಹಾಕಿ, ಹನ್ನೆರಡನ್ನು ಬಿಟ್ಟುಬಿಡಬಹುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಗಾದೆಯ ಮನುಷ್ಯ ಕೆಟ್ಟವನೇನಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕು ಎಂದುಕೊಂಡವನು, ಅಷ್ಟೆ. ಖಾಲಿ ಬಿಡುವುದು ಸೋಮಾರಿತನದಿಂದಲೂ ಆಗಬಹುದು, ನಿಜ. ಕೈಪಿಡಿಯ ಎರಡು ಪುಟ ತಿರುವಿ, ಹಣ ಹಾಕಿದವರು ಯಾರೆಂದು ನೋಡಿ, ಭಾರ ಯಾರಿಗೆಂದು ಯೋಚಿಸಿ, ಆಮೇಲೂ ತಿಳಿಯದೆ ಬಿಟ್ಟ ಖಾಲಿಗೆ ಮಾತ್ರ ಬೇರೆ ಬೆಲೆಯಿದೆ. ಅದು ‘ಈ ವಿಷಯದಲ್ಲಿ ನಿಮ್ಮ ಬದುಕನ್ನು ತೀರ್ಮಾನಿಸುವಷ್ಟು ನನಗೆ ಗೊತ್ತಿಲ್ಲ’ ಎಂದು ಕಾಣದ ಒಬ್ಬರಿಗೆ ಹೇಳುವ ಮಾತು. ಆ ಮಾತನ್ನು ಹೇಳಬಲ್ಲವರು ಹಾಕಿದ ಉಳಿದ ಗುರುತುಗಳ ಮೇಲೆ ನನಗೆ ಹೆಚ್ಚು ನಂಬಿಕೆ.